ಡೈರಿ ಚುನಾವಣೆಗೆ ಹೋದ ಕೈಜೋಲಿ

ಚಿಕ್ಕರಂಗಪ್ಪನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಬಾಯಿ ಇತ್ತು, ನಾಲಿಗೆ ಇತ್ತು, ಹಲ್ಲು ಕೂಡ ಹೆಚ್ಚುಕಡಿಮೆ ಪೂರ್ತಿ ಇದ್ದವು. ಆ ಒಂದು ಮಾತು ಮಾತ್ರ ಇರಲಿಲ್ಲ. ಇದು ನನಗೆ ತಿಳಿಯುವ ಹೊತ್ತಿಗೆ ನಾನು ಅವನ ಕೊರಳಿಗೆ ಬಿದ್ದಾಗಿತ್ತು.

ನಾನು ಒಂದು ಕೈಜೋಲಿ. ಭುಜ ಕೆಟ್ಟವರು, ಮೊಳಕೈ ಮುರಿದವರು ತಮ್ಮ ಕೈಯನ್ನು ಮಡಿಸಿ ಒಳಗಿಟ್ಟು ಕೊರಳಿಗೆ ನೇತುಹಾಕಿಕೊಳ್ಳುವ ನೀಲಿ ಬಟ್ಟೆಯ ಚೀಲ. ಔಷಧಿ ಅಂಗಡಿಯವರು ನನ್ನನ್ನು ಆರ್ಮ್ ಪೌಚ್ ಎನ್ನುತ್ತಾರೆ. ಚಿಕ್ಕರಂಗಪ್ಪನ ಊರಾದ ಸೋಗೆಹಳ್ಳಿಯಲ್ಲಿ ಜೋಲಿ ಎಂದರು, ತೊಟ್ಟಿಲು ಎಂದರು. ಕಣ್ಣು ಮಂಜಾದ ಒಬ್ಬ ಅಜ್ಜಿ ದೂರದಿಂದ ನೋಡಿ, ‘ಅಯ್ಯೋ, ಆ ಎಳೆಗೂಸನ್ನ ಹಂಗ್ಯಾಕೆ ಅಮುಕಿ ಹಿಡ್ಕೊಂಡಿದಾನೆ’ ಎಂದು ಬೈದಳು.

ನಾನು ಹುಟ್ಟಿದ್ದು ಶಾಲೆಯ ಬ್ಯಾಗು ಹೊಲಿಯುವ ಒಂದು ಗಾರ್ಮೆಂಟ್ಸಿನಲ್ಲಿ. ಬ್ಯಾಗಿಗೆ ಕತ್ತರಿಸಿ ಉಳಿದ ಬಟ್ಟೆ, ಒಳಗೆ ತೆಳ್ಳನೆಯ ಸ್ಪಂಜು, ಒಂದು ಪಟ್ಟಿ, ಒಂದು ಪ್ಲಾಸ್ಟಿಕ್ ಬಕಲ್. ಅಷ್ಟೇ ನಾನು. ನನ್ನನ್ನು ಹೊಲಿದ ಹೆಂಗಸು ಪಕ್ಕದ ಮಿಷನ್ನಿನವಳಿಗೆ ತನ್ನ ಅತ್ತೆಯ ದೂರು ಹೇಳುತ್ತಿದ್ದಳು. ಮಾತಿನಲ್ಲಿ ಅತ್ತೆ ಬಂದಾಗಲೆಲ್ಲ ಅವಳ ಕಾಲು ಪೆಡಲನ್ನು ಜೋರಾಗಿ ಒತ್ತುತ್ತಿತ್ತು. ಹಾಗಾಗಿ ನನ್ನ ಮೊಳಕೈ ಮೂಲೆಯಲ್ಲಿ ಒಂದರ ಮೇಲೊಂದು ಹೊಲಿಗೆ ಬಿದ್ದವು. ಆ ಅತ್ತೆಯ ಪುಣ್ಯದಿಂದ ಆ ಮೂಲೆ ಇವತ್ತಿಗೂ ಬಿಚ್ಚಿಲ್ಲ.

ನನ್ನನ್ನು ತುಂಬಿದ ಪೆಟ್ಟಿಗೆಯ ಮೇಲೆ ಒಬ್ಬ ಬೆಳ್ಳಗಿನ ಮನುಷ್ಯನ ಚಿತ್ರವಿತ್ತು. ನನ್ನಂಥದೊಂದನ್ನು ಹಾಕಿಕೊಂಡು ಅವನು ನಗುತ್ತಿದ್ದ. ನನ್ನನ್ನು ಹಾಕಿಕೊಂಡು ನಕ್ಕವರನ್ನು ಆಮೇಲೆ ನಾನು ಎಲ್ಲೂ ನೋಡಲಿಲ್ಲ.

ಜಿಲ್ಲಾ ಕೇಂದ್ರದ ಒಂದು ನರ್ಸಿಂಗ್ ಹೋಮಿನ ಎದುರಿನ ಔಷಧಿ ಅಂಗಡಿಯಲ್ಲಿ ಬಿಸಿನೀರಿನ ಬ್ಯಾಗಿಗೂ ಕತ್ತಿನ ಪಟ್ಟಿಗೂ ನಡುವೆ ನೇತಾಡಿಕೊಂಡಿದ್ದೆ. ಅಲ್ಲಿಂದ ನನ್ನನ್ನು ಇಳಿಸಿಕೊಂಡು ಹೋದವಳು ಚಿಕ್ಕರಂಗಪ್ಪನ ಹೆಂಡತಿ ಯಶೋದಮ್ಮ. ಅವಳು ನನ್ನನ್ನು ಎಳೆದು ನೋಡಿದಳು, ಬಕಲ್ ಕಚ್ಚಿ ನೋಡಿದಳು, ‘ಗಟ್ಟಿ ಐತಾ? ನಮ್ಮೆಜಮಾನ್ರು ಒಂದು ಕಡೆ ನಿಲ್ಲೋ ಪೈಕಿ ಅಲ್ಲ’ ಎಂದು ಅಂಗಡಿಯವನನ್ನು ಕೇಳಿದಳು. ಅಂಗಡಿಯವನು ಗಟ್ಟಿ ಐತಮ್ಮ ಎಂದ. ಅವನು ಹೇಳಿದ್ದು ನನ್ನ ವಿಷಯ. ಯಜಮಾನನ ವಿಷಯದಲ್ಲಿ ಅವನು ಯಾವ ಭರವಸೆಯನ್ನೂ ಕೊಡಲಿಲ್ಲ.

ಇನ್ನು ಭುಜದ ಕಥೆ. ಇದನ್ನು ಚಿಕ್ಕರಂಗಪ್ಪ ನೋಡಲು ಬಂದವರಿಗೆಲ್ಲ ಹೇಳಿದ. ಎದೆಯ ಮೇಲೇ ಇದ್ದ ನನಗೆ ಪ್ರತಿ ಸಲವೂ ಕೇಳಲೇಬೇಕಾಯಿತು.

ಅವನ ಬಲಭುಜ ಮೊದಲ ಸಲ ಜಾರಿದ್ದು ಒಂದು ಸನ್ಮಾನದಲ್ಲಿ. ಸೋಗೆಹಳ್ಳಿಯ ಹಾಲಿನ ಡೈರಿಗೆ ಹೊಸ ಕಟ್ಟಡ ಆಗಿತ್ತು. ಉದ್ಘಾಟನೆಗೆ ಬಂದ ಅತಿಥಿ ಆರಡಿ ಮೇಲಿದ್ದರು. ಡೈರಿಯ ನಿರ್ದೇಶಕರಲ್ಲಿ ಒಬ್ಬನಾದ ಚಿಕ್ಕರಂಗಪ್ಪ ಐದಡಿ ಚಿಲ್ಲರೆ. ಸೇಬಿನ ಹಾರ ಹಾಕುವ ಕೆಲಸಕ್ಕೆ ಯಾರೋ ಇವನ ಹೆಸರು ಕೂಗಿದರು. ಆಗಲ್ಲ ಎನ್ನಲು ಬಾರದ ಇವನು ಹಾರ ಎತ್ತಿಕೊಂಡ. ಅತಿಥಿ ತಲೆ ಬಗ್ಗಿಸಲಿಲ್ಲ, ಫೋಟೋದವನ ಕಡೆ ನೋಡುತ್ತಿದ್ದರು. ಇವನು ತುದಿಗಾಲಲ್ಲಿ ನಿಂತು ಕೈ ಎತ್ತಿ ಹಾರವನ್ನು ಬೀಸಿದ. ಹಾರ ಅವರ ಕೊರಳಿಗೆ ಬಿತ್ತು, ಇವನ ತೋಳು ಭುಜದ ಗುಂಡಿಯಿಂದ ಆಚೆ ಬಿತ್ತು. ಆ ಫೋಟೋ ಡೈರಿಯ ಗೋಡೆಯ ಮೇಲೆ ಈಗಲೂ ಇದೆ. ಚಿಕ್ಕರಂಗಪ್ಪ ಭಕ್ತಿಯಿಂದ ಕಣ್ಣು ಮುಚ್ಚಿಕೊಂಡಿದ್ದಾನೆ ಎಂದು ಜನ ತಿಳಿದಿದ್ದಾರೆ.

ಅಲ್ಲಿಂದ ಮುಂದೆ ಭುಜಕ್ಕೆ ಜಾರುವುದೇ ಅಭ್ಯಾಸವಾಯಿತು. ಅಂಗಿ ತೋಳಿಗೆ ಕೈ ಹಾಕುವಾಗ ಜಾರಿತು. ಅಟ್ಟದಿಂದ ಹಿಂಡಿ ಚೀಲ ಇಳಿಸುವಾಗ ಜಾರಿತು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ ಜಾರಿತು. ಬಸ್ಸಿನವರು ಇವನ ಅರಚಾಟ ಕೇಳಿ ಕಳ್ಳ ಜೇಬು ಹೊಡೆದಿದ್ದಾನೆಂದು ಪಕ್ಕದವನನ್ನು ಹಿಡಿದರು. ಪ್ರತಿ ಸಲ ಜಾರಿದಾಗಲೂ ಯಶೋದಮ್ಮ ಅವನನ್ನು ನೆಲಕ್ಕೆ ಕೆಡವಿ, ಕಂಕುಳಿಗೆ ಹಿಮ್ಮಡಿ ಕೊಟ್ಟು, ಕೈಯನ್ನು ಎಳೆದು ಕೂರಿಸುತ್ತಿದ್ದಳು. ಗಂಡನನ್ನು ಒದೆಯುವ ಹೆಂಗಸು ಎಂದು ಹೊಸದಾಗಿ ಊರಿಗೆ ಬಂದ ಮೇಷ್ಟ್ರೊಬ್ಬರು ಸುದ್ದಿ ಹಬ್ಬಿಸಿದ್ದರು.

ಮೂಳೆ ಡಾಕ್ಟರು ಟೀ ಕುಡಿಯುತ್ತಲೇ ವಿಷಯ ಬಿಡಿಸಿ ಹೇಳಿದ್ದರು. ‘ನೋಡಪ್ಪ, ಇದು ಸಾಸರ್. ಇದರ ಮೇಲೆ ಚೆಂಡು ಕೂತಿದೆ ಅಂದ್ಕೋ. ಸಾಸರಿನ ಅಂಚು ಕಿತ್ತು ಹೋದರೆ ಚೆಂಡು ಜಾರುತ್ತೆ. ನಿನ್ನ ಭುಜದ ಗುಂಡಿಯ ಅಂಚು ಕಿತ್ತಿದೆ. ಸಣ್ಣ ತೂತು ಮಾಡಿ, ಒಳಗೆ ದಾರ ಕಟ್ಟಿದ ಆಣಿ ಹೊಡೆದು, ಅಂಚನ್ನು ಮೂಳೆಗೆ ಹೊಲಿದು ಬಿಡ್ತೀನಿ.’ ಚಿಕ್ಕರಂಗಪ್ಪ ‘ಆಯ್ತು ಸಾರ್, ಮಾಡಿಸ್ತೀನಿ’ ಎಂದು ಮನೆಗೆ ಹೋದ. ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಡಾಕ್ಟರಿಗೂ ಇಲ್ಲ ಎನ್ನಲು ಅವನಿಗೆ ಆಗಿರಲಿಲ್ಲ.

ಅಂಥವನು ಒಂದು ದಿನ ತಾನಾಗಿ ಬಂದು, ‘ಸಾರ್, ಹದಿನೆಂಟನೇ ತಾರೀಕು ಆಪರೇಷನ್ ಮಾಡಿ. ಹಿಂದೆ ಬ್ಯಾಡ, ಮುಂದೆ ಬ್ಯಾಡ’ ಎಂದ. ಅವನು ಯಾವುದೋ ಜ್ಯೋತಿಷಿಯನ್ನು ಕೇಳಿಕೊಂಡು ಬಂದಿದ್ದಾನೆಂದು ಡಾಕ್ಟರು ತಿಳಿದರು. ಹದಿನೆಂಟನೇ ತಾರೀಕು ಸೋಗೆಹಳ್ಳಿ ಡೈರಿಯ ಅಧ್ಯಕ್ಷರ ಚುನಾವಣೆ.

ಸೋಗೆಹಳ್ಳಿ ಡೈರಿಗೆ ಹನ್ನೊಂದು ಜನ ನಿರ್ದೇಶಕರು. ಅವರೇ ಸೇರಿ ಅಧ್ಯಕ್ಷನನ್ನು ಆರಿಸಬೇಕು. ಅಲ್ಲಿ ಚೀಟಿ ಹಾಕುವ ಪದ್ಧತಿ ಇಲ್ಲ. ಹಿಂದೆ ಒಮ್ಮೆ ಚೀಟಿ ಹಾಕಿದಾಗ ನಿರ್ದೇಶಕರಿಗಿಂತ ಚೀಟಿಗಳೇ ಹೆಚ್ಚಾಗಿದ್ದವು. ಆಮೇಲೆ ಕೈ ಎತ್ತುವ ಪದ್ಧತಿ ತಂದರು. ಮೊದಲ ವರ್ಷವೇ ಒಬ್ಬ ನಿರ್ದೇಶಕ ಹುರುಪಿನಲ್ಲಿ ಎರಡೂ ಕೈ ಎತ್ತಿದ, ಎಣಿಸುವವನು ಎರಡನ್ನೂ ಎಣಿಸಿದ. ಅಂದಿನಿಂದ ಬಲಗೈ ಮಾತ್ರ ಲೆಕ್ಕಕ್ಕೆ ಎಂದು ಗೋಡೆಗೆ ಬರೆಸಿದರು. ಅದರ ಕೆಳಗೆ ‘ಹಾಲಿಗೆ ನೀರು ಬೆರೆಸಬಾರದು’ ಎಂದಿತ್ತು. ಊರಿನವರು ಎರಡರಲ್ಲಿ ಮೊದಲನೆಯದನ್ನು ತಪ್ಪದೆ ಪಾಲಿಸುತ್ತಿದ್ದರು.

ಈ ಸಲ ಅಧ್ಯಕ್ಷಗಿರಿಗೆ ನಿಂತವರು ಇಬ್ಬರು. ಒಬ್ಬ ಲಕ್ಕೇಗೌಡ, ಚಿಕ್ಕರಂಗಪ್ಪನ ಅಕ್ಕನ ಗಂಡ. ಇನ್ನೊಬ್ಬ ಪುಟ್ಟರಾಜು, ಚಿಕ್ಕರಂಗಪ್ಪನ ಹೆಂಡತಿಯ ತಮ್ಮ. ಆ ಕಡೆ ಐದು ಕೈ, ಈ ಕಡೆ ಐದು ಕೈ. ಉಳಿದದ್ದು ಚಿಕ್ಕರಂಗಪ್ಪನ ಕೈ, ಅದೂ ಜಾರುವ ಕೈ. ಅಕ್ಕನ ಮನೆಯಲ್ಲಿ ಮುದ್ದೆ ಉಂಡು ಕೈ ತೊಳೆಯುವಾಗ ಲಕ್ಕೇಗೌಡ ಕೇಳಿದ. ‘ಆಯ್ತು ಭಾವ’ ಎಂದ ಚಿಕ್ಕರಂಗಪ್ಪ. ಬರುವ ದಾರಿಯಲ್ಲಿ ಪುಟ್ಟರಾಜು ಬೈಕ್ ನಿಲ್ಲಿಸಿ ಕೇಳಿದ. ‘ನಿನಗಲ್ದೆ ಇನ್ಯಾರಿಗಪ್ಪ’ ಎಂದ. ಮನೆಗೆ ಬಂದು ಕೂತ ಮೇಲೆ ಎರಡೂ ಮಾತು ಒಟ್ಟಿಗೆ ನೆನಪಾದವು. ಮಾರನೆಯ ದಿನ ಡಾಕ್ಟರ ಹತ್ತಿರ ಓಡಿದ.

ಹೀಗೆ ಜನರು ನೋವಿಗೆ ಹೆದರಿ ಮಾಡಿಸಿಕೊಳ್ಳುವ ಆಪರೇಷನ್ನನ್ನು ಇವನು ನೆಂಟರಿಗೆ ಹೆದರಿ ಮಾಡಿಸಿಕೊಂಡ.

ನಾನು ಅವನ ಮಂಚದ ಕೊನೆಯಲ್ಲಿ ಎಕ್ಸ್‌ರೇ ಕವರಿನ ಜೊತೆ ಕಾದಿದ್ದೆ. ಒಳಗೆ ಮೂರು ಆಣಿ ಹೊಡೆದು, ಕಿತ್ತ ಅಂಚನ್ನು ಹೊಲಿದರು. ಕೆಲಸ ಮುಗಿದ ಮೇಲೆ ನನ್ನನ್ನು ಕರೆದರು. ನಾನು ಅವನ ಕೈಯನ್ನು ಮೊದಲ ಸಲ ಹಿಡಿದಾಗ ಅದು ಮರದ ಕೊರಡಿನಂತೆ ಮರಗಟ್ಟಿತ್ತು. ಡಾಕ್ಟರು ಯಶೋದಮ್ಮನಿಗೆ ಹೇಳಿದರು. ‘ಆರು ವಾರ ಈ ಜೋಲಿ ಇಳಿಸಬಾರದು. ಕೈ ಪಕ್ಕಕ್ಕೆ ಎತ್ತಬಾರದು, ಹಿಂದಕ್ಕೆ ತಿರುಗಿಸಬಾರದು. ಈ ಹೊಲಿಗೆ ಕಿತ್ತರೆ ಮತ್ತೆ ಹೊಲಿಯೋಕೆ ಜಾಗ ಇರಲ್ಲ. ಹಾಲಿನ ಕ್ಯಾನ್ ಅಲ್ಲ, ಲೋಟ ಎತ್ತೋದೂ ಕಷ್ಟ.’

ಅಂದರೆ ನನ್ನ ಕೆಲಸ ಒಂದೇ. ಆ ಕೈ ಏಳದಂತೆ ನೋಡಿಕೊಳ್ಳುವುದು. ಊರಿನ ಕೆಲಸವೂ ಒಂದೇ ಇತ್ತು. ಆ ಕೈ ಎತ್ತಿಸುವುದು.

ಮಂಪರು ಇಳಿಯುವಾಗ ಚಿಕ್ಕರಂಗಪ್ಪ ಮಾತಾಡಲು ಶುರು ಮಾಡಿದ. ನೆಲ ಒರೆಸಲು ಬಂದ ಆಯಾಳ ಕಡೆ ತಿರುಗಿ, ‘ಭಾವ, ನನ್ನ ಕೈ ನಿನಗೇ’ ಎಂದ. ಆಯಾ ಗಾಬರಿಯಾಗಿ ಹಿಂದೆ ಸರಿದಳು. ಆಮೇಲೆ ಗ್ಲೂಕೋಸ್ ಸ್ಟ್ಯಾಂಡಿನ ಕಡೆ ತಿರುಗಿ, ‘ಪುಟ್ಟರಾಜು, ನಿನಗಲ್ದೆ ಇನ್ಯಾರಿಗಪ್ಪ’ ಎಂದ. ಯಶೋದಮ್ಮನಿಗೆ ಎಲ್ಲ ಅರ್ಥವಾಯಿತು.

ಅವನು ಪೂರ್ತಿ ಎಚ್ಚರಾಗುವ ತನಕ ಕಾದಳು. ಆಮೇಲೆ, ‘ಇರೋದೊಂದು ಕೈ. ಅದನ್ನ ಇಬ್ಬರಿಗೆ ಕೊಟ್ಟು ಬಂದಿದೀರಲ್ಲ’ ಎಂದಳು.

‘ಇವತ್ತು ಚುನಾವಣೆ ಮುಗೀತೈತೆ ಬಿಡೆ. ನಾನಿಲ್ಲಿದೀನಿ. ಯಾರು ಗೆದ್ದರೂ ನನ್ನ ಮೇಲೆ ಬರಲ್ಲ.’

‘ನನ್ನ ತಮ್ಮಂಗೆ ಮಾತು ತಪ್ಪಿದ್ರೆ ನಾನು ತವರಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ? ನಿಮ್ಮಕ್ಕಂಗೆ ತಪ್ಪಿದ್ರೆ ಅವರು ನಮ್ಮ ಹೊಸಿಲು ತುಳೀತಾರಾ? ಯಾರಿಗಾದ್ರೂ ಒಬ್ಬರಿಗೆ ಇಲ್ಲ ಅಂತ ಅನ್ನಿ. ಬಾಯೇನು ಆಪರೇಷನ್ ಆಗಿಲ್ವಲ್ಲ.’

‘ಆಯ್ತು’ ಎಂದ ಚಿಕ್ಕರಂಗಪ್ಪ.

ಸಂಜೆಗೆ ಡೈರಿಯ ಕಾರ್ಯದರ್ಶಿ ಪರಮೇಶಿ ಫೋನ್ ಮಾಡಿದ. ಚುನಾವಣೆ ನಡೆಸಬೇಕಾಗಿದ್ದ ಅಧಿಕಾರಿಗೆ ಡೆಂಗ್ಯೂ ಬಂದಿತ್ತು. ಚುನಾವಣೆ ಮುಂದಿನ ತಿಂಗಳಿಗೆ ಹೋಗಿತ್ತು. ‘ನಿಮಗೇ ಒಳ್ಳೇದಾಯ್ತು ರಂಗಣ್ಣ, ಆರಾಮಾಗಿ ಬಂದು ಓಟು ಹಾಕಬೋದು’ ಎಂದ ಪರಮೇಶಿ. ಫೋನ್ ಇಟ್ಟ ಮೇಲೆ ಚಿಕ್ಕರಂಗಪ್ಪನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಅದಕ್ಕೆ ಒರಗಿದ್ದ ನಾನೂ ಅಲುಗಾಡಿದೆ.

ಊರಿಗೆ ಬಂದ ಮೇಲೆ ಎರಡೂ ಕಡೆಯವರು ಸೇವೆಗೆ ನಿಂತರು. ಲಕ್ಕೇಗೌಡ ಎಳನೀರಿನ ಗೊನೆ ತಂದ. ಪುಟ್ಟರಾಜು ಪ್ರೋಟೀನ್ ಪುಡಿಯ ಡಬ್ಬ ತಂದ. ಲಕ್ಕೇಗೌಡ ಬೆಳಿಗ್ಗೆ ಬಂದು ಹಸುಗಳಿಗೆ ಹುಲ್ಲು ಹಾಕಿ ಹೋದರೆ, ಪುಟ್ಟರಾಜು ಸಂಜೆ ಬಂದು ಹಾಲು ಕರೆದು ಹೋಗುತ್ತಿದ್ದ. ಹಸುಗಳು ಅಷ್ಟು ಸುಖವಾಗಿ ಇದ್ದದ್ದು ಆ ಒಂದು ತಿಂಗಳು ಮಾತ್ರ. ಇಬ್ಬರೂ ಹೋಗುವಾಗ ನನ್ನನ್ನು ಮುಟ್ಟಿ ನೋಡುತ್ತಿದ್ದರು, ಬಲಿಯ ಕುರಿಯ ಬೆನ್ನು ತಡವುವ ಹಾಗೆ.

‘ಏನಪ್ಪ ರಂಗ, ಎಷ್ಟು ಮೇಲಕ್ಕೆ ಬರ್ತೈತೆ?’ ಎಂದು ಲಕ್ಕೇಗೌಡ ಕೇಳುತ್ತಿದ್ದ.

‘ಇನ್ನೂ ಬಿಚ್ಚಂಗಿಲ್ಲ ಭಾವ. ಡಾಕ್ಟ್ರು ಬೈತಾರೆ.’

‘ಡಾಕ್ಟ್ರು ಬೈದ್ರೆ ನಾನು ಮಾತಾಡ್ತೀನಿ ಬಿಡು.’

ಗೋಡೆಯ ಮೇಲಿನ ಬರಹವೇ ಚಿಕ್ಕರಂಗಪ್ಪನಿಗೆ ಉಳಿದಿದ್ದ ಧೈರ್ಯ. ಬಲಗೈ ಮಾತ್ರ ಲೆಕ್ಕಕ್ಕೆ. ಬಲಗೈ ನನ್ನೊಳಗೆ. ನಾನು ಕೊರಳಲ್ಲಿ. ಆರು ವಾರ ತುಂಬುವ ಮೊದಲೇ ಚುನಾವಣೆ ಬರುತ್ತಿತ್ತು. ‘ನೀನೇ ನನ್ನ ಮಾನ ಕಾಯೋನು’ ಎಂದು ಅವನು ಒಮ್ಮೆ ನನ್ನನ್ನು ತಟ್ಟಿದ. ನನ್ನನ್ನು ಯಾರಾದರೂ ಮಾತಾಡಿಸಿದ್ದು ಅದೇ ಮೊದಲು. ಹೊಲಿದವಳು ಕೂಡ ಮಾತಾಡಿಸಿರಲಿಲ್ಲ.

ಆದರೆ ಅವನು ಒಂದು ವಿಷಯ ಮರೆತಿದ್ದ. ಅವನ ಕೈ ತನಗೇ ಎಂದು ಲಕ್ಕೇಗೌಡ ನಂಬಿದ್ದ. ಅವನ ಕೈ ತನಗೇ ಎಂದು ಪುಟ್ಟರಾಜುವೂ ನಂಬಿದ್ದ. ಹಾಗಾಗಿ ನಿರ್ದೇಶಕರ ಸಭೆಯಲ್ಲಿ ಲಕ್ಕೇಗೌಡ ಎದ್ದು, ‘ನಮ್ಮ ರಂಗಪ್ಪನ ಪರಿಸ್ಥಿತಿ ನೋಡಿ ಈ ಸಲ ಎಡಗೈ ಎತ್ತೋಕೆ ಅವಕಾಶ ಕೊಡಬೇಕು’ ಎಂದ. ಪುಟ್ಟರಾಜು ತಡೆಯುತ್ತಾನೆಂದು ಎಲ್ಲರೂ ಕಾದರು. ಪುಟ್ಟರಾಜು ಎದ್ದು, ‘ನಾನೂ ಅದನ್ನೇ ಹೇಳೋಕಿದ್ದೆ, ಮಾನವೀಯತೆ ಅಂತ ಒಂದು ಇರ್ತದೆ’ ಎಂದ. ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಲೇ ಇಬ್ಬರೂ ಕೈ ಎತ್ತಿದರು. ಡೈರಿ ಹುಟ್ಟಿದಂದಿನಿಂದ ಸರ್ವಾನುಮತದಿಂದ ಆದ ತೀರ್ಮಾನ ಅದೊಂದೇ.

ಚಿಕ್ಕರಂಗಪ್ಪ ಆ ದಿನ ಊಟ ಮಾಡಲಿಲ್ಲ. ತನ್ನ ಎಡಗೈಯನ್ನು ಮುಂದೆ ಚಾಚಿ, ಯಾರದೋ ಕೈ ನೋಡುವಂತೆ ನೋಡುತ್ತ ಕೂತ. ಅದು ಏನೂ ಆಗದೆ ಚೆನ್ನಾಗಿತ್ತು.

‘ಇನ್ನೂ ಹೊತ್ತು ಮೀರಿಲ್ಲ. ಹೋಗಿ ಹೇಳಿ ಬನ್ನಿ’ ಎಂದಳು ಯಶೋದಮ್ಮ. ‘ನನ್ನ ತಮ್ಮಂಗೇ ಇಲ್ಲ ಅನ್ನಿ, ನಾನೇನೂ ಬೇಜಾರು ಮಾಡ್ಕಳಲ್ಲ. ಎರಡು ದಿನ ಅಳ್ತೀನಿ ಅಷ್ಟೇ.’

‘ಆಯ್ತು’ ಎಂದು ಅವನು ಹೊರಟ. ಪುಟ್ಟರಾಜುವಿನ ಮನೆಗೆ ಹೋದ. ಕಾಫಿ ಕುಡಿದ. ‘ನಾಳಿದ್ದು ಬರ್ತೀರ ತಾನೆ ಭಾವ?’ ಎಂದು ಪುಟ್ಟರಾಜು ಕೇಳಿದ. ‘ಬರ್ದೆ ಏನಪ್ಪ’ ಎಂದು ವಾಪಸ್ಸು ಬಂದ. ನಾನು ಅವನ ಜೊತೆಗೇ ಹೋಗಿ ಅವನ ಜೊತೆಗೇ ಬಂದೆ. ನಡುವೆ ಇಲ್ಲ ಎನ್ನುವ ಮಾತು ಅವನ ಗಂಟಲವರೆಗೆ ಬಂದು ಕಾಫಿಯ ಜೊತೆ ಕೆಳಗಿಳಿದದ್ದು ನನಗೆ ಕೇಳಿಸಿತು.

ಚುನಾವಣೆಯ ಬೆಳಿಗ್ಗೆ ಯಶೋದಮ್ಮ ಹಾಲು ಹಾಕಲು ಮುಂಚೆಯೇ ಡೈರಿಗೆ ಹೋದಳು. ಮನೆಯಲ್ಲಿ ಚಿಕ್ಕರಂಗಪ್ಪ ಒಬ್ಬನೇ. ಆಗ ಅವನಿಗೊಂದು ಉಪಾಯ ಹೊಳೆಯಿತು. ಅಂಥ ಉಪಾಯ ಹೊಳೆಯಲು ತಿಂಗಳುಗಟ್ಟಲೆ ಇಲ್ಲ ಎನ್ನದೆ ಕೂತಿರಬೇಕು. ಬಲಗೈ ಕೆಟ್ಟಿರುವುದು ಊರಿಗೆಲ್ಲ ಗೊತ್ತಿರುವ ವಿಷಯ. ಅದಕ್ಕೆ ಇನ್ನು ಸಾಕ್ಷಿ ಬೇಡ. ಈಗ ಕೆಟ್ಟಿದೆ ಎಂದು ತೋರಿಸಬೇಕಾದದ್ದು ಎಡಗೈ.

ಅವನು ಹಲ್ಲಿನಲ್ಲಿ ನನ್ನ ಪಟ್ಟಿ ಕಚ್ಚಿ ಎಳೆದ. ಬಕಲ್ ಬಿಚ್ಚಿದ. ಬಲಗೈಯನ್ನು ಮೆಲ್ಲಗೆ ಹೊರಗೆ ತೆಗೆದ. ನನ್ನನ್ನು ಎಡಗೈಗೆ ಹಾಕಿಕೊಂಡ.

ನನ್ನ ಜಾತಿಯಲ್ಲಿ ಎಡ ಬಲದ ಭೇದವಿಲ್ಲ, ಯಾವ ಕೈ ಕೊಟ್ಟರೂ ಹಿಡಿಯುತ್ತೇವೆ. ಅದೇ ತಪ್ಪಾಯಿತು. ಕಾಲಿನ ಚಪ್ಪಲಿಯಾಗಿದ್ದರೂ ಕಚ್ಚಿ ಎಚ್ಚರಿಸಬಹುದಿತ್ತು. ನಾನು ಸುಮ್ಮನೆ ಒಂದು ಗಟ್ಟಿಮುಟ್ಟಾದ ಕೈಯನ್ನು ಹೊತ್ತುಕೊಂಡು ಹೊರಟೆ. ಹೊಲಿಗೆ ಇನ್ನೂ ಹಸಿಯಾಗಿದ್ದ ಭುಜ ಪಕ್ಕದಲ್ಲಿ ಟವೆಲಿನ ಕೆಳಗೆ ಅನಾಥವಾಗಿ ಇಳಿಬಿದ್ದಿತ್ತು.

ಡೈರಿಯಲ್ಲಿ ಹತ್ತು ಜನ ಕಾದಿದ್ದರು. ಡೆಂಗ್ಯೂವಿನಿಂದ ಎದ್ದು ಬಂದಿದ್ದ ಅಧಿಕಾರಿ ಬೇಗ ಮುಗಿಸಿ ಎನ್ನುವಂತೆ ಕೂತಿದ್ದರು. ಹಾಲು ಹಾಕಿ ಮುಗಿಸಿದ ಹೆಂಗಸರು ಖಾಲಿ ಕ್ಯಾನು ಹಿಡಿದು ಕಿಟಕಿಯ ಹತ್ತಿರ ಗುಂಪಾಗಿ ನಿಂತಿದ್ದರು. ಅವರಲ್ಲಿ ಯಶೋದಮ್ಮ ಇದ್ದಳು. ಲಕ್ಕೇಗೌಡನ ಹೆಂಡತಿಯೂ ಇದ್ದಳು.

‘ಎಡಗೈಯೂ ಹೋಗ್ಬಿಡ್ತು ಕಣ್ರಪ್ಪ’ ಎಂದು ಚಿಕ್ಕರಂಗಪ್ಪ ಒಳಗೆ ಬರುತ್ತಲೇ ನರಳಿದ. ‘ಬೆಳಿಗ್ಗೆಯಿಂದ ಸೆಳೆತ. ಎತ್ತಂಗೇ ಇಲ್ಲ.’

ಎಲ್ಲರ ಮುಖವೂ ಬಾಡಿತು. ಪರಮೇಶಿ ಮಾತ್ರ ಹತ್ತಿರ ಬಂದು, ‘ಅಲ್ಲಾ ರಂಗಣ್ಣ, ಜೋಲಿ ಎಡಗೈಗೈತೆ. ಹಂಗಾದ್ರೆ ಬಲಗೈ ಎಲ್ಲಿ?’ ಎಂದು ಟವೆಲ್ ಎತ್ತಿದ.

ಬಲಗೈ ಬಟ್ಟೆಬರೆ ಇಲ್ಲದೆ ಸಿಕ್ಕಿಬಿದ್ದವನಂತೆ ಈಚೆ ಕಂಡಿತು.

‘ವಾಸಿಯಾಗೈತೆ!’ ಎಂದು ಲಕ್ಕೇಗೌಡ ಕೂಗಿದ. ‘ನಮ್ಮ ರಂಗನ ಬಲಗೈ ವಾಸಿಯಾಗೈತೆ!’

‘ದೇವರು ದೊಡ್ಡೋನು’ ಎಂದ ಪುಟ್ಟರಾಜು.

ಚಿಕ್ಕರಂಗಪ್ಪ ಬಾಯಿ ತೆರೆದ. ಅಧಿಕಾರಿ ಅಷ್ಟರಲ್ಲಿ, ‘ಲಕ್ಕೇಗೌಡರ ಪರ ಇರುವವರು ಕೈ ಎತ್ತಿ’ ಎಂದರು. ಐದು ಕೈ ಎದ್ದವು. ಲಕ್ಕೇಗೌಡ ಪಕ್ಕಕ್ಕೆ ನೋಡಿದ. ಬಾಮೈದ ಚಿಕ್ಕರಂಗಪ್ಪ ಕಲ್ಲಿನಂತೆ ಕೂತಿದ್ದ. ಸಂಕೋಚಪಡುತ್ತಿದ್ದಾನೆ ಎಂದುಕೊಂಡ ಲಕ್ಕೇಗೌಡ, ‘ಎತ್ತಪ್ಪ, ನಾಚ್ಕೆ ಏನು’ ಎಂದು ಅವನ ಬಲಗೈಯ ಮಣಿಕಟ್ಟು ಹಿಡಿದು ಪಕ್ಕದಿಂದ ಮೇಲಕ್ಕೆ ಎತ್ತಿಬಿಟ್ಟ.

ಟಕ್ ಎಂದಿತು.

ಆ ಸದ್ದು ನನಗೆ ಎದೆಯ ಮೂಲಕ ಬಂತು. ಡಾಕ್ಟರು ಮೂಳೆಗೆ ಕಟ್ಟಿದ್ದ ಹೊಲಿಗೆಗಳು ಕಿತ್ತವು. ಚಿಕ್ಕರಂಗಪ್ಪ ಅರಚಿದ ಅರಚಾಟಕ್ಕೆ ಹೊರಗೆ ಕಟ್ಟಿದ್ದ ಎಮ್ಮೆಯೊಂದು ಹಗ್ಗ ಕಿತ್ತುಕೊಂಡಿತು. ಅವನು ಬೆಂಚಿನಿಂದ ಕೆಳಗೆ, ಹಾಲು ಚೆಲ್ಲಿದ್ದ ನೆಲದ ಮೇಲೆ ಬಿದ್ದ.

‘ಆರು!’ ಎಂದ ಲಕ್ಕೇಗೌಡ. ‘ಎದ್ದೈತೆ, ಎಲ್ಲರೂ ನೋಡಿದಾರೆ. ಆರು!’

‘ಅದು ಅವನು ಎತ್ತಿದ್ದಾ, ನೀನು ಎತ್ತಿದ್ದಾ?’ ಎಂದು ಪುಟ್ಟರಾಜು ಎದ್ದ.

‘ಯಾರು ಎತ್ತಿದ್ರೇನು, ಕೈ ಅವನದೇ ತಾನೆ?’

‘ಅರಚಿದ್ದು ಕೇಳ್ಲಿಲ್ವಾ? ಅದು ವಿರೋಧ!’

ಅಧಿಕಾರಿ ಗೋಡೆಯ ಬರಹವನ್ನು ಎರಡು ಸಲ ಓದಿದರು. ಬಲಗೈ ಎಂದಿತ್ತು. ಯಾರು ಎತ್ತಬೇಕು ಎಂದಿರಲಿಲ್ಲ. ಅವರು ಎದ್ದು ಬಂದು, ನೆಲದ ಮೇಲೆ ಹೊರಳುತ್ತಿದ್ದವನ ಮುಖದ ಹತ್ತಿರ ಬಗ್ಗಿ, ‘ರೀ, ನೀವೇ ಹೇಳ್ರಿ. ಇದು ನಿಮ್ಮ ಓಟೇನ್ರಿ?’ ಎಂದರು.

‘ಹೇಳೋ ರಂಗ. ನನಗೆ ತಾನೆ ಎತ್ತಿದ್ದು?’ ಎಂದ ಲಕ್ಕೇಗೌಡ.

‘ಇಲ್ಲ’ ಎಂದ ಚಿಕ್ಕರಂಗಪ್ಪ.

ಕಿಟಕಿಯಲ್ಲಿ ಒಂದು ಕ್ಯಾನು ಕೆಳಗೆ ಬಿತ್ತು. ಅದು ಅಕ್ಕನದು.

‘ಹಂಗನ್ನಿ ಭಾವ!’ ಎಂದು ಪುಟ್ಟರಾಜು ಮಂಡಿಯೂರಿದ. ‘ಹಂಗಾದ್ರೆ ನನಗೆ ತಾನೆ?’

‘ಇಲ್ಲ!’

ಆ ಮಾತು ಅವನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ನಲವತ್ತೇಳು ವರ್ಷ ಅದು ಭುಜದ ಗುಂಡಿಯಲ್ಲೇ ಎಲ್ಲೋ ಸಿಕ್ಕಿಕೊಂಡಿತ್ತೇನೋ ಅನ್ನಿಸಿತು. ಯಶೋದಮ್ಮ ಕ್ಯಾನು ಅಲ್ಲೇ ಬಿಟ್ಟು ಒಳಗೆ ನುಗ್ಗಿದಳು. ಅಭ್ಯಾಸಬಲದಿಂದ ಹಿಮ್ಮಡಿ ಎತ್ತಿದಳು. ಹೊಲಿಗೆ ನೆನಪಾಗಿ ಅಲ್ಲೇ ನಿಲ್ಲಿಸಿದಳು. ಆಮೇಲೆ ಎಡಗೈಯಲ್ಲಿದ್ದ ನನ್ನನ್ನು ನೋಡಿದಳು. ಏನು ನಡೆದಿದೆಯೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

‘ನಿಮಗೆ ಬುದ್ಧಿ ಅನ್ನೋದು ಐತೇನ್ರೀ?’

‘ಇಲ್ಲ’ ಎಂದ ಚಿಕ್ಕರಂಗಪ್ಪ.

ನಾವು ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಆಸ್ಪತ್ರೆಗೆ ಹೋದೆವು. ಡೈರಿಯಲ್ಲಿ ಐದಕ್ಕೆ ಐದಾಗಿ, ಕೊನೆಗೆ ಎರಡು ಚೀಟಿ ಬರೆದು ಕ್ಯಾನಿನ ಮುಚ್ಚಳದಲ್ಲಿ ಕುಲುಕಿ ಒಂದನ್ನು ಎತ್ತಿದರಂತೆ. ಪುಟ್ಟರಾಜುವಿನ ಹೆಸರು ಬಂತಂತೆ. ಗೆದ್ದ ಮೇಲೂ ಅವನು ಅಕ್ಕ ಯಶೋದಮ್ಮನ ಮನೆಗೆ ಬರಲಿಲ್ಲ. ‘ನನ್ನ ಅದೃಷ್ಟ ಕೈ ಹಿಡೀತು, ಭಾವ ಹಿಡೀಲಿಲ್ಲ’ ಎಂದು ಹೇಳಿಕೊಂಡು ತಿರುಗಿದ. ಸೋತ ಲಕ್ಕೇಗೌಡನಂತೂ ಬೀದಿಯಲ್ಲಿ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ.

ಡಾಕ್ಟರು ಎಕ್ಸ್‌ರೇ ನೋಡಿದರು, ನನ್ನನ್ನು ನೋಡಿದರು, ಎಡಗೈ ನೋಡಿದರು. ಅವರ ಇಪ್ಪತ್ತು ವರ್ಷದ ಅನುಭವದಲ್ಲಿ ಜೋಲಿಯನ್ನು ಇನ್ನೊಂದು ಕೈಗೆ ಹಾಕಿಕೊಂಡು ಬಂದವರು ಇರಲಿಲ್ಲವಂತೆ. ಎರಡನೆಯ ಆಪರೇಷನ್ ತೂತಿನದಲ್ಲ, ಕೊಯ್ದು ಮಾಡಿದ್ದು. ಭುಜದ ಮುಂದಿನ ಒಂದು ಸಣ್ಣ ಮೂಳೆಯ ತುಂಡನ್ನು ಕತ್ತರಿಸಿ, ಗುಂಡಿಯ ಅಂಚಿಗೆ ಕೂರಿಸಿ, ಎರಡು ಸ್ಕ್ರೂ ಬಿಗಿದರು. ‘ಹೋದ ಸಲ ಹೊಲಿಗೆ ಹಾಕಿದ್ದೆ. ಈ ಸಲ ಕಟ್ಟೆ ಕಟ್ಟಿದೀನಿ. ಇನ್ನು ಜಾರಲ್ಲ’ ಎಂದರು. ‘ಆದರೆ ಮೊದಲಿನ ಹಾಗೆ ಪೂರ್ತಿ ಹಿಂದಕ್ಕೆ ತಿರುಗಲ್ಲ. ಮುಂದೆ ಯಾವುದಾದ್ರೂ ಚುನಾವಣೆ ಇದೆಯೇನಪ್ಪ?’

‘ಇಲ್ಲ ಸಾರ್.’

ಈ ಸಲ ಯಶೋದಮ್ಮ ನನ್ನ ಬಕಲ್ಲಿನ ಮೇಲೆ ಸೂಜಿದಾರದಲ್ಲಿ ಅಡ್ಡ ಹೊಲಿಗೆ ಹಾಕಿಬಿಟ್ಟಳು. ಸ್ನಾನಕ್ಕೂ ಅವಳೇ ಕತ್ತರಿಸಬೇಕು, ಅವಳೇ ಹೊಲಿಯಬೇಕು. ಕಟ್ಟೆ ನಿಂತಿತು. ಎರಡು ತಿಂಗಳ ಮೇಲೆ ಕೈ ಮೆಲ್ಲಗೆ ಗೋಡೆ ಹತ್ತಲು ಕಲಿಯಿತು, ಹಲ್ಲಿಯಂತೆ ಬೆರಳೂರುತ್ತ ದಿನಕ್ಕೆ ಒಂದಿಷ್ಟು. ಆರನೆಯ ತಿಂಗಳಿಗೆ ಅವನು ಎರಡೂ ಕೈಯಲ್ಲಿ ಹಾಲು ಕರೆದ. ಹಸು ಹಿಂದೆ ತಿರುಗಿ ನೋಡಿತು. ಅದಕ್ಕೆ ಪುಟ್ಟರಾಜುವಿನ ಕೈಯೇ ಹಿಡಿಸಿತ್ತೋ ಏನೋ.

ಮಾತಿನ ವಿಷಯದಲ್ಲಿ ಮಾತ್ರ ಅವನು ವಾಸಿಯಾಗಲಿಲ್ಲ, ರೋಗ ತಿರುವುಮುರುವಾಯಿತು. ಈಗ ಎಲ್ಲದಕ್ಕೂ ಇಲ್ಲ ಎನ್ನುತ್ತಾನೆ. ಸಾಲ ಕೇಳಿದರೆ ಇಲ್ಲ. ಮದುವೆಗೆ ಕರೆದರೆ ಇಲ್ಲ. ಊಟ ಆಯ್ತಾ ಎಂದು ದಾರಿಯಲ್ಲಿ ಕೇಳಿದವರಿಗೆ, ಬಾಯಿ ಒರೆಸಿಕೊಳ್ಳುತ್ತ, ಇಲ್ಲ. ನನ್ನನ್ನು ಯಾರಾದರೂ ಕೇಳಿಕೊಂಡು ಬಂದರೂ ಇಲ್ಲ ಎನ್ನುತ್ತಿದ್ದ. ಯಶೋದಮ್ಮ ಹಿತ್ತಲ ಬಾಗಿಲಿಂದ ಕೊಟ್ಟು ಕಳಿಸುತ್ತಿದ್ದಳು.

ಹಾಗೆ ನಾನು ಊರು ಸುತ್ತಿದೆ. ಟ್ರ್ಯಾಕ್ಟರಿನಿಂದ ಬಿದ್ದ ಡ್ರೈವರ್ ಕೆಂಚಪ್ಪ ನನ್ನನ್ನು ಹಾಕಿಕೊಂಡು, ಒಳಗೆ ಬೀಡಿ ಕಟ್ಟು, ಬೆಂಕಿಪೊಟ್ಟಣ ಇಟ್ಟುಕೊಂಡು ತಿರುಗಿದ. ಅವನ ಕಾಲದ ಗುರುತಾಗಿ ನನ್ನ ಅಂಚಿನಲ್ಲಿ ಒಂದು ಸುಟ್ಟ ತೂತಿದೆ. ಗಂಡನನ್ನು ಒದೆಯುತ್ತಾಳೆಂದು ಸುದ್ದಿ ಹಬ್ಬಿಸಿದ್ದ ಮೇಷ್ಟ್ರು ಶಾಲೆಯ ಮೆಟ್ಟಿಲಲ್ಲಿ ಜಾರಿ ಬಿದ್ದಾಗ ಯಶೋದಮ್ಮನೇ ಅವರಿಗೆ ನನ್ನನ್ನು ಕಟ್ಟಿದಳು. ಕಟ್ಟುವಾಗ ಸ್ವಲ್ಪ ಜೋರಾಗಿಯೇ ಬಿಗಿದಳು.

ಒಂದು ಮಳೆಗಾಲದಲ್ಲಿ ಲಕ್ಕೇಗೌಡ ಕೊಟ್ಟಿಗೆಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ, ಬಾಮೈದನ ಕೈ ಎತ್ತಿದ್ದ ಅದೇ ಕೈಯ ಮಣಿಕಟ್ಟು. ಮಾತಿಲ್ಲದ ಮನೆಗೆ ಅಕ್ಕ ಹಿತ್ತಲಿಂದ ಬಂದು, ‘ಯಶೋದಾ, ಆ ಜೋಲಿ’ ಎಂದಷ್ಟೇ ಹೇಳಿದಳು. ನಾನು ಒಂದೂವರೆ ತಿಂಗಳು ಲಕ್ಕೇಗೌಡನ ಎದೆಯ ಮೇಲಿದ್ದೆ. ಅವನು ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೊನೆಗೆ ಒಗೆದು, ಒಣಗಿಸಿ, ಚಿಕ್ಕರಂಗಪ್ಪನ ಗೇಟಿಗೆ ಸಿಕ್ಕಿಸಿ ಹೋದ. ಒಳಗೆ ಒಂದು ಅಡಿಕೆ ಚೂರು ಇತ್ತು. ರಾಜಿಯ ಗುರುತೇನೋ ಎಂದು ಚಿಕ್ಕರಂಗಪ್ಪ ಅದನ್ನು ಅಂಗೈಯಲ್ಲಿಟ್ಟು ನೋಡಿದ. ಒಗೆಯುವಾಗ ಮೂಲೆಯಲ್ಲಿ ಸಿಕ್ಕಿಕೊಂಡು ಉಳಿದದ್ದು ಎಂದು ಗೊತ್ತಾಯಿತು. ಬಾಯಿಗೆ ಹಾಕಿಕೊಂಡ.

ಈಗ ನನ್ನ ಬಕಲ್ ಮುರಿದಿದೆ. ಸ್ಪಂಜು ಪುಡಿಪುಡಿಯಾಗಿದೆ. ಯಶೋದಮ್ಮ ನನ್ನನ್ನು ಅಡುಗೆಮನೆಯ ಮೊಳೆಗೆ ಹಾಕಿ ಬೆಳ್ಳುಳ್ಳಿ ತುಂಬಿಟ್ಟಿದ್ದಾಳೆ. ಅತ್ತೆಯ ಮೇಲಿನ ಸಿಟ್ಟಿನಲ್ಲಿ ಹೊಲಿದ ಆ ಮೂಲೆ ಒಂದು ಎಸಳನ್ನೂ ಕೆಳಗೆ ಬಿಟ್ಟಿಲ್ಲ. ಬೆಳ್ಳುಳ್ಳಿ ಒಳ್ಳೆಯ ರೋಗಿ. ಎಲ್ಲಿ ಇಟ್ಟರೆ ಅಲ್ಲೇ ಇರುತ್ತದೆ, ಯಾರಿಗೂ ಮಾತು ಕೊಡುವುದಿಲ್ಲ.

ಹಿಡಿಯುವುದು ಮಾತ್ರ ನನ್ನ ಕೆಲಸ, ಯಾವುದನ್ನು ಹಿಡಿಯಬೇಕೆಂದು ಹೇಳುವವರು ಬೇರೆಯವರು. ತಪ್ಪು ಕೈ ಕೊಟ್ಟರೆ ನಾನು ಅದನ್ನೂ ಅಷ್ಟೇ ನಿಯತ್ತಿನಿಂದ ಹಿಡಿಯುತ್ತೇನೆ. ಇಷ್ಟು ವರ್ಷ ಬದುಕಿ ನನಗೆ ತಿಳಿದದ್ದು ಇಷ್ಟೇ.

ಚಿಕ್ಕರಂಗಪ್ಪ ಕೆಲವು ಸಲ ಒಲೆಯ ಮುಂದೆ ಕೂತು ನನ್ನ ಕಡೆ ನೋಡುತ್ತ ಹೋದದ್ದನ್ನು ಎಣಿಸುತ್ತಾನೆ. ದಾರದ ಆಣಿ ಮೂರು. ಓಟು ಒಂದು. ಅಕ್ಕನ ಮನೆಯ ಹಬ್ಬದೂಟ, ನಾಲ್ಕು ವರ್ಷದ್ದು. ಬಾಮೈದನ ಮಾತು, ಅಷ್ಟೇ ವರ್ಷದ್ದು. ಬಲಗೈ ಹಿಂದಕ್ಕೆ ತಿರುಗುತ್ತಿದ್ದುದರಲ್ಲಿ ಕಾಲು ಭಾಗ. ನನ್ನ ಬಕಲ್ಲನ್ನು ಅವನು ಲೆಕ್ಕಕ್ಕೆ ಸೇರಿಸುವುದಿಲ್ಲ. ಸೇರಿಸಿದರೆ ಅದೂ ಒಂದು.